ಕೆಟ್ಟುನಿಂತ ಗೇಮ್ ಬಾಯ್ ಯಂತ್ರವನ್ನು ಪರೀಕ್ಷಿಸಿ ಸರಿಪಡಿಸುವ ಕ್ರಮ

ಜಪಾನು ದೇಶದ ಕ್ಯೋಟೋ ಪಟ್ಟಣದ ನಿಂಟೆಂಡೋ ಸಂಸ್ಥೆಯವರು ೧೯೮೯ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ‘ಗೇಮ್ ಬಾಯ್’ ಎಂಬ ಹೆಸರಿನ, ಕೈಯಲ್ಲಿ ಹಿಡಿದು ಆಡತಕ್ಕ ಚಿಕ್ಕ ಯಂತ್ರವೊಂದನ್ನು ಹೊರತಂದರು. ಅದರ ನಿರ್ಮಾಣದಲ್ಲಿ ಮುಂದಾಳಾಗಿದ್ದ ಗುನ್ಪೇ ಯೊಕೋಯಿ ಎಂಬವರು, ಹೊಚ್ಚ ಹೊಸ ಸಾಮಗ್ರಿಗಳ ಬೆನ್ನು ಹತ್ತುವುದಕ್ಕಿಂತ, ಚೆನ್ನಾಗಿ ಪಳಗಿದ ಅಗ್ಗದ ಸಾಮಗ್ರಿಗಳನ್ನೇ ಹೊಸ ರೀತಿಯಲ್ಲಿ ಉಪಯೋಗಿಸುವುದು ಲೇಸೆಂದು ನಂಬಿದ್ದರು. ಆ ನಂಬಿಕೆಯಿಂದ ಇಂದು ನಮಗೂ ಉಪಕಾರವಾಗಿದೆ. ಮೂವತ್ತು ವರುಷಗಳು ದಾಟಿದ ಮೇಲೆಯೂ ಈ ಯಂತ್ರವನ್ನು ಮನೆಯ ಮೇಜಿನ ಮೇಲಿಟ್ಟು ಬಿಚ್ಚಿ, ದೋಷವನ್ನು ಕಂಡುಹಿಡಿದು ಸರಿಮಾಡಬಹುದು. ಕೊಲ್ಲಿ ಯುದ್ಧದ ಕಾಲದಲ್ಲಿ ಬೆಂಕಿಗೆ ಸಿಕ್ಕಿ ಹೊರಮೈ ಕರಗಿಹೋದ ಯಂತ್ರವೊಂದು ಓಡುವ ಸ್ಥಿತಿಯಲ್ಲಿಯೇ ನ್ಯೂಯಾರ್ಕಿನ ನಿಂಟೆಂಡೋ ಮಳಿಗೆಯಲ್ಲಿ ಬಹುಕಾಲ ಪ್ರದರ್ಶನಕ್ಕಿತ್ತೆಂದ ಮೇಲೆ, ಅಟ್ಟದ ಮೇಲೆ ಧೂಳು ಹಿಡಿದ ಯಂತ್ರವನ್ನು ಸತ್ತಿತೆಂದು ಎಸೆಯುವುದು ಅವಸರದ ಕೆಲಸವೇ ಸರಿ.

ವಾಚಕಿಯರು ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡತಕ್ಕದ್ದು: ತಿರುಪುಳಿಯನ್ನು ಕೈಗೆ ತೆಗೆದುಕೊಳ್ಳುವುದು ಕಡೆಯ ಕೆಲಸ, ನೋಡುವುದೂ ಕೇಳುವುದೂ ಮೊದಲನೆಯ ಕೆಲಸ. ವೈದ್ಯನು ನಾಡಿ ನೋಡದೆ ಶಸ್ತ್ರವನ್ನು ಎತ್ತುವುದಿಲ್ಲವಷ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ ಫಲವನ್ನು ನೋಡಬೇಕು. ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಹೋಗುತ್ತದೆ.

ಯಂತ್ರಕ್ಕೆ ೧.೫ ವೋಲ್ಟಿನ ನಾಲ್ಕು ಸೆಲ್ಲುಗಳು, ಒಟ್ಟು ೬ ವೋಲ್ಟು ಬೇಕು. ಗುಂಡಿಯನ್ನು ಸರಿಸಿದಾಗ ಪರದೆಯ ಎಡಮಗ್ಗುಲಲ್ಲಿರುವ ಕೆಂಪು ದೀಪವು ಹೊತ್ತದಿದ್ದರೆ, ಹೊಸ ಸೆಲ್ಲುಗಳನ್ನು ಹಾಕಿ ನೋಡಬೇಕು. ಆಗಲೂ ಹೊತ್ತದಿದ್ದರೆ ಸೆಲ್ಲುಗಳ ಮನೆಯೊಳಗಿನ ಲೋಹದ ಪಟ್ಟಿಗಳನ್ನು ಪರೀಕ್ಷಿಸಬೇಕು. ಮರೆತು ಬಿಟ್ಟ ಆಲ್ಕಲೈನ್ ಸೆಲ್ಲು ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಗಾಳಿಗೆ ಬಿಳಿಯ ಪುಡಿಯಾಗಿ ಲೋಹವನ್ನು ಕಚ್ಚಿಕೊಳ್ಳುತ್ತದೆ. ಕ್ಷಾರಕ್ಕೆ ಆಮ್ಲವೇ ಮದ್ದು. ಹತ್ತಿ ಸುತ್ತಿದ ಕಡ್ಡಿಗೆ ವಿನಿಗರನ್ನಾಗಲಿ ನಿಂಬೆಯ ರಸವನ್ನಾಗಲಿ ಸ್ವಲ್ಪವೇ ತಗಲಿಸಿ ಒರಸಿದರೆ ಸಣ್ಣಗೆ ನೊರೆಯೆದ್ದು ಪುಡಿಯು ಬಿಡುತ್ತದೆ. ಆಮೇಲೆ ಆ ಆಮ್ಲವೂ ಉಳಿಯದಂತೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ ಚೆನ್ನಾಗಿ ಒಣಗಿಸಬೇಕು. ಆ ಪುಡಿಯನ್ನು ಬರಿಗೈಯಿಂದ ಮುಟ್ಟಲಾಗದು.

ದೀಪವು ಹೊತ್ತಿಯೂ ಯಂತ್ರವು ತಾನಾಗಿಯೇ ಆರಿ ಹೊತ್ತುತ್ತಿದ್ದರೆ ಗುಂಡಿಯೊಳಗೆ ಕಿಲುಬು ಹಿಡಿದಿರುವ ಸಂಭವ ಹೆಚ್ಚು. ಸೆಲ್ಲುಗಳನ್ನು ತೆಗೆದು ಆ ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಅತ್ತಿತ್ತ ಸರಿಸಿದರೆ ಎಷ್ಟೋ ವೇಳೆ ಅಷ್ಟರಿಂದಲೇ ಗುಣವಾಗುತ್ತದೆ. ಪರದೆಯಲ್ಲಿ ಏನೂ ಕಾಣದೆ ‘ಟಿಂಗ್’ ಎಂಬ ನಾದ ಮಾತ್ರ ಕೇಳಿದರೆ, ಎಡಬದಿಯ ಚಿಕ್ಕ ಗಾಲಿಯನ್ನು ತಿರುಗಿಸಿ ನೋಡಿರಿ. ಬಿಂಬವು ತೀರ ತೆಳುವಾಗಿದ್ದುದನ್ನೇ ರೋಗವೆಂದು ಎಣಿಸಿದವರು ಅನೇಕರು. ನಾದವು ಕೇಳದಿದ್ದರೆ ಕಿವಿಗೆ ಇಡುವ ಇಯರ್ ಫೋನನ್ನು ಸಿಕ್ಕಿಸಬೇಕು. ಅದರಲ್ಲಿ ಕೇಳಿಸಿದರೆ ಯಂತ್ರದ ಮಿದುಳು ಸ್ವಸ್ಥವಾಗಿದೆ, ಸ್ಪೀಕರಿನಲ್ಲಾಗಲಿ ಇಯರ್ ಫೋನಿನ ರಂಧ್ರದಲ್ಲಾಗಲಿ ತೊಂದರೆಯಿದೆ ಎಂದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಚಿಹ್ನೆಯೆಂದರೆ, ಸಂಸ್ಥೆಯ ಹೆಸರಿಗೆ ಬದಲಾಗಿ ಕಪ್ಪು ಪಟ್ಟಿಯೊಂದು ಮೇಲಿನಿಂದ ಇಳಿದು ಬಂದು ನಡುವೆ ನಿಂತುಬಿಡುವುದು. ಇದರ ಕಾರಣವು ಬಹು ಸ್ವಾರಸ್ಯವಾದುದು. ಯಂತ್ರದೊಳಗೆ ೨೫೬ ಬೈಟುಗಳ ಅತಿ ಚಿಕ್ಕ ಕಾರ್ಯಕ್ರಮವೊಂದು ಅಡಗಿದೆ. ಅದು ಆಟದ ಕಾರ್ಟ್ರಿಜ್ಜಿನಲ್ಲಿರುವ ೪೮ ಬೈಟುಗಳ ಹೆಸರಿನ ಚಿತ್ರವನ್ನು ಓದಿ ಪರದೆಗೆ ತರುತ್ತದೆ. ಆ ಮೇಲೆ ಅದನ್ನು ತನ್ನಲ್ಲಿರುವ ಪ್ರತಿಯೊಡನೆ ಹೋಲಿಸಿ, ಒಂದಿನಿತು ತಪ್ಪಿದರೂ ಅಲ್ಲಿಯೇ ನಿಲ್ಲುತ್ತದೆ. ಕಾರ್ಟ್ರಿಜ್ಜು ತಗಲದೆ ಇದ್ದಾಗ ಓದಿದುದೆಲ್ಲ ಒಂದು ಎಂಬ ಅಂಕೆಯೇ ಆಗುವುದರಿಂದ ಎಲ್ಲ ಚುಕ್ಕೆಗಳೂ ಕಪ್ಪಾಗಿ ಪಟ್ಟಿಯು ಮೂಡುತ್ತದೆ. ನಾದವು ಈ ಹೋಲಿಕೆಗೆ ಮುಂಚೆಯೇ ಕೇಳುವುದರಿಂದ, ನಾದ ಬಂತೆಂದು ಕಾರ್ಟ್ರಿಜ್ಜು ಸರಿಯಿದೆಯೆಂದು ತಿಳಿಯಬಾರದು. ಹೀಗೆ, ಕಪ್ಪು ಪಟ್ಟಿಯು ಯಂತ್ರದ ಮರಣವಾರ್ತೆಯಲ್ಲ. ಮಿದುಳೂ ಪರದೆಯೂ ನೆಟ್ಟಗಿವೆ, ಕಾರ್ಟ್ರಿಜ್ಜಿನ ಸಂಪರ್ಕ ಮಾತ್ರ ಕೆಟ್ಟಿದೆ ಎಂಬ ಶುಭವಾರ್ತೆಯೇ. ಇಂಥಲ್ಲಿ ಬಾಯಿಂದ ಊದುವುದು ಲೋಕದಲ್ಲೆಲ್ಲ ರೂಢಿಯಾಗಿದೆ. ಊದಿದ ಮೇಲೆ ಓಡುವುದು ತೆಗೆದು ಹಾಕಿದುದರಿಂದ. ಉಸಿರಿನ ತೇವವಾದರೋ ತಾಮ್ರಕ್ಕೆ ಶತ್ರು. ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹಲ್ಲುಗಳನ್ನು ಒರಸಿ ಒಣಗಿಸುವುದೇ ಸರಿಯಾದ ಮಾರ್ಗ.

ಕಾರ್ಟ್ರಿಜ್ಜಿನ ವಿಷಯದಲ್ಲಿ ಇನ್ನೂ ಒಂದು ಸಂಗತಿಯನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ. ಯಂತ್ರವು ಹೋದರೆ ಅಂಥದೇ ಇನ್ನೊಂದು ದೊರೆಯಬಹುದು. ಅಕ್ಕನೋ ಅಣ್ಣನೋ ಎಳೆತನದಲ್ಲಿ ತಿಂಗಳುಗಟ್ಟಲೆ ಆಡಿ, ತಮ್ಮ ಹೆಸರಿಟ್ಟು ಉಳಿಸಿದ ಆಟವು ಹೋದರೆ ಮರಳಿ ಬಾರದು. ಅನೇಕ ಕಾರ್ಟ್ರಿಜ್ಜುಗಳಲ್ಲಿ ಆ ನೆನಪನ್ನು ಹಿಡಿದಿರುವುದು ೩ ವೋಲ್ಟಿನ, ನಾಣ್ಯದಂತಿರುವ ಒಂದು ಲಿಥಿಯಂ ಸೆಲ್ಲು. ಅದು ಬರಿದಾದ ದಿನವೇ ನೆನಪೂ ಅಳಿಯುತ್ತದೆ. ೧೯೯೯ರಲ್ಲಿ ಜಪಾನಿನಲ್ಲಿ ಹೊರಬಂದ ಪೋಕೆಮಾನ್ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಗಡಿಯಾರವೂ ಅದೇ ಸೆಲ್ಲಿನಿಂದ ನಡೆಯುವುದರಿಂದ ಅದು ಬೇಗನೆ ಸವೆಯುತ್ತದೆ. ಸೆಲ್ಲನ್ನು ಬದಲಿಸಲು ಹಳೆಯದನ್ನು ಕಿತ್ತ ಕ್ಷಣದಲ್ಲಿಯೇ ಉಳಿದಿದ್ದುದೂ ಅಳಿದುಹೋಗುತ್ತದೆ. ಆದುದರಿಂದ ಉಳಿಸಿದ ಆಟವು ಇನ್ನೂ ತೆರೆಯುತ್ತಿದ್ದರೆ, ಕಾರ್ಟ್ರಿಜ್ಜನ್ನು ಓದುವ ಸಾಧನದ ಮೂಲಕ ಅದನ್ನು ಮೊದಲು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಸೆಲ್ಲನ್ನು ಬದಲಿಸಿ, ಮರಳಿ ಬರೆಯಬೇಕು. ಇದನ್ನು ನಾಳೆಗೆಂದು ತಳ್ಳಬಾರದೆಂಬುದು ನಮ್ಮ ಅಭಿಪ್ರಾಯ. ಹೊಸ ಸೆಲ್ಲು ಲೋಹದ ಕಿವಿಗಳನ್ನು ಕೂಡಿಸಿಯೇ ಮಾರತಕ್ಕದ್ದಾಗಿರಲಿ. ಸೆಲ್ಲಿನ ಮೈಗೇ ಬೆಸುಗೆ ಹಾಕಿದರೆ ಕಾವಿಗೆ ಅದು ಸಿಡಿಯಬಹುದು. ತೆಗೆದ ಸೆಲ್ಲನ್ನು ಎಳೆಯ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ನುಂಗಿದರೆ ಪ್ರಾಣಾಪಾಯವುಂಟು.

ಪರದೆಯ ಮೇಲಿನಿಂದ ಕೆಳಗಿನವರೆಗೆ ಗೆರೆಗಳು ಮಾಯವಾದರೆ ಆಗ ಯಂತ್ರವನ್ನು ಬಿಚ್ಚಲೇಬೇಕು. ಸೆಲ್ಲುಗಳನ್ನೂ ಕಾರ್ಟ್ರಿಜ್ಜನ್ನೂ ಹೊರತೆಗೆದು, ಮೂರು ಸೀಳಿನ ತಲೆಯ ಆರು ಸ್ಕ್ರೂಗಳನ್ನು ಅದಕ್ಕೆ ತಕ್ಕ ತಿರುಪುಳಿಯಿಂದಲೇ ಕಳಚಬೇಕು. ಇವುಗಳಲ್ಲಿ ಎರಡು ಸೆಲ್ಲುಗಳ ಮನೆಯೊಳಗಿವೆ. ಎರಡು ಹೋಳುಗಳ ನಡುವೆ ಪಟ್ಟಿಯಂಥ ತಂತಿಯಿರುವುದರಿಂದ ರಭಸದಿಂದ ಎಳೆಯಲಾಗದು. ಪರದೆಯಲ್ಲಿ ೧೬೦ ನೆಟ್ಟ ಸಾಲುಗಳಿವೆ. ಅವುಗಳಿಗೆ ವಿದ್ಯುತ್ತನ್ನು ಒಯ್ಯುವ ಮೆತ್ತನೆಯ ಪಟ್ಟಿಯು ಗಾಜಿನ ಕೆಳ ಅಂಚಿಗೆ ಅಂಟಿನಿಂದ ಕೂಡಿದೆ. ವರುಷಗಳು ಕಳೆದಂತೆ ಅಂಟು ಸಡಿಲಿ ಕೆಲವು ಸಾಲುಗಳು ಕುರುಡಾಗುತ್ತವೆ. ಹೆಚ್ಚು ಕಾವಿಲ್ಲದ ಬೆಸುಗೆ ಕಡ್ಡಿಯನ್ನು ಆ ಅಂಚಿನ ಮೇಲೆ ನಿಲ್ಲಿಸದೆ, ಮೆಲ್ಲಗೆ ಅತ್ತಿತ್ತ ಸವರಿದರೆ ಅಂಟು ಮೆತ್ತಗಾಗಿ ಮತ್ತೆ ಹಿಡಿಯುತ್ತದೆ. ಯಂತ್ರವನ್ನು ನಡೆಸುತ್ತಲೇ ಸವರುವುದು ವಾಡಿಕೆ, ಹೋದ ಗೆರೆಗಳು ಒಂದೊಂದಾಗಿ ಮರಳುವುದು ಕಣ್ಣಿಗೆ ಕಾಣುತ್ತದೆ. ಕಡ್ಡಿಯನ್ನು ಒಂದೇ ಕಡೆ ಒತ್ತಿ ಹಿಡಿದರೆ ಪಟ್ಟಿಯು ಸುಟ್ಟುಹೋಗಿ, ಬೇರೆ ಪರದೆಯನ್ನೇ ತರಬೇಕಾದೀತು.

ಮುಚ್ಚುವ ಮೊದಲು ಪಟ್ಟಿತಂತಿಯನ್ನು ಅದರ ಬಾಯಿಯಲ್ಲಿ ನೇರವಾಗಿ ಕೂರಿಸಿ, ಸ್ಕ್ರೂಗಳನ್ನು ಹಾಕದೆಯೇ ಒಮ್ಮೆ ನಡೆಸಿ ನೋಡುವುದು ಜಾಣತನ. ಅನಂತರ ಆರು ಸ್ಕ್ರೂಗಳನ್ನೂ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಬಂದು, ಕೈಗೆ ಬಿಗಿಯೆನಿಸಿದೊಡನೆ ನಿಲ್ಲಿಸಬೇಕು. ಹಳೆಯ ಪ್ಲಾಸ್ಟಿಕ್ಕು ಹೆಚ್ಚಿನ ಬಲವನ್ನು ತಾಳದು.