ನನ್ನ ಮೆಷಿನ್‌ನಲ್ಲಿ ಓಡುತ್ತೆ ಅನ್ನುವ ಮುನ್ನ

ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನ ಮೇಜಿನ ಹತ್ತಿರ ಬಂದು, 'ಸರ್, ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಪಾಸಾಗುತ್ತೆ, ಸಿಐ ಸರ್ವರ್‌ನಲ್ಲಿ ಮಾತ್ರ ಫೇಲ್ ಆಗುತ್ತೆ' ಅನ್ನುತ್ತಾರೆ. ಅವರಿಗೆ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

• ಮೊದಲು ರೀರನ್ ಗುಂಡಿಯಿಂದ ಕೈ ತೆಗೆಯಿರಿ. ಎರಡನೇ ಸಲ ಹಸಿರಾಯಿತೆಂದರೆ ದೋಷ ಅಡಗಿ ಕೂತಿದೆ ಎಂದೇ ಅರ್ಥ. ಹೀಗೆ ಒಮ್ಮೆ ಪಾಸು ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ ಫ್ಲೇಕಿ ಅನ್ನುತ್ತಾರೆ. ತಮ್ಮ ಟೆಸ್ಟ್‌ಗಳಲ್ಲಿ ಸುಮಾರು ಶೇ. 16ಕ್ಕೆ ಈ ಚಾಳಿ ಇದೆಯೆಂದು ಗೂಗಲ್‌ನವರೇ 2016ರಲ್ಲಿ ಬರೆದುಕೊಂಡಿದ್ದರು. ಆದ್ದರಿಂದ ನಾಚಿಕೆ ಬೇಡ, ಹುಡುಕಿ.

• ಲಾಗನ್ನು ಮೇಲಿನಿಂದ ಓದಿ. ಕೊನೆಯ ಕೆಂಪು ಸಾಲಿಗಿಂತ ಎಷ್ಟೋ ಮೊದಲೇ ಕಾರಣ ಕಾಣಿಸಿಕೊಂಡಿರುತ್ತದೆ. ಎಕ್ಸಿಟ್ ಕೋಡ್ 137 ಕಂಡರೆ ಮೆಮೊರಿ ಸಾಲದೆ ಪ್ರೊಸೆಸ್ಸನ್ನು ಕರ್ನಲ್ ಕೊಂದಿರಬಹುದು. ಆಗ ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ.

• ಗಡಿಯಾರ ನೋಡಿ. ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಹಿಂದೆ ನಾನಿದ್ದ ತಂಡವೊಂದರಲ್ಲಿ ದಿನದ ಲೆಕ್ಕಪಟ್ಟಿಯ ಟೆಸ್ಟ್ ರಾತ್ರಿಯ ಬಿಲ್ಡ್‌ನಲ್ಲಿ ಬೀಳುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಬಂದು ಓಡಿಸಿದರೆ ಪಾಸು. ಸರ್ವರ್ ಸರಿಯಿಲ್ಲವೆಂದು ಎರಡು ವಾರ ಬೈದೆವು. ಕೊನೆಗೆ ಕಿರಿಯ ಸಹೋದ್ಯೋಗಿಯೊಬ್ಬಳು ಫೇಲ್ ಆದ ಸಮಯಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಳು. ಒಂದೂ ಬಿಡದೆ ಎಲ್ಲವೂ ಮಧ್ಯರಾತ್ರಿ 12ರಿಂದ ಬೆಳಗಿನ ಜಾವ 5.30ರ ಒಳಗೆ! ಸರ್ವರ್ ಯುಟಿಸಿ ಸಮಯದಲ್ಲಿತ್ತು. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಹೊತ್ತಿನಲ್ಲಿ ನಮ್ಮ ತಾರೀಖು ಬದಲಾಗಿರುತ್ತದೆ, ಸರ್ವರ್‌ಗೆ ಇನ್ನೂ ನಿನ್ನೆಯೇ. ಪ್ರೋಗ್ರಾಂ ಭಾರತದ ತಾರೀಖು ಹಾಕುತ್ತಿತ್ತು, ಟೆಸ್ಟ್ ಯಂತ್ರದ ತಾರೀಖಿಗೆ ಹೋಲಿಸುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಎರಡೂ ಒಂದೇ ಆದ್ದರಿಂದ ನಡುರಾತ್ರಿ ಎದ್ದು ಕೂತು ಓಡಿಸಿದರೂ ಅದು ಸಿಗುತ್ತಿರಲಿಲ್ಲ. ಟೆಸ್ಟ್ ಬರೆಯುವಾಗ 'ಈಗ ಎಷ್ಟು ಗಂಟೆ' ಎಂದು ಯಂತ್ರವನ್ನು ಕೇಳಬೇಡಿ. ಒಂದು ಸಮಯವನ್ನು ನೀವೇ ಕೊಡಿ. ನಮ್ಮ ಬೆಳಗಿನ ಜಾವ ಎರಡು ಗಂಟೆಯನ್ನೂ ಕೊಟ್ಟು, ಟೈಮ್‌ಜೋನನ್ನು ಯುಟಿಸಿ ಮಾಡಿ, ಒಮ್ಮೆ ಓಡಿಸಿ.

• ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ನೋಡಿ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ತೆರೆದುಕೊಡುತ್ತವೆ. ಲಿನಕ್ಸ್ 'ಅಂಥ ಕಡತವೇ ಇಲ್ಲ' ಅನ್ನುತ್ತದೆ.

• ಎರಡು ಸೆಕೆಂಡ್ ಸ್ಲೀಪ್ ಹಾಕಿ ಉತ್ತರ ಬಂದಿರುತ್ತದೆಂದು ನಂಬಬೇಡಿ. ಸರ್ವರ್‌ನಲ್ಲಿ ನಿಮಗೆ ಸಿಗುವ ಸಿಪಿಯು ಕಡಿಮೆ ಇರಬಹುದು, ಪಕ್ಕದಲ್ಲಿ ಬೇರೆಯವರ ಕೆಲಸವೂ ನಡೆದಿರಬಹುದು. ಅಪಾಚೆಯ ಪ್ರಾಜೆಕ್ಟ್‌ಗಳಲ್ಲಿ ಫ್ಲೇಕಿ ಟೆಸ್ಟ್‌ಗಳನ್ನು ಹೇಗೆ ಸರಿಪಡಿಸಿದರೆಂದು ನೋಡಿದ 2014ರ ಅಧ್ಯಯನವೊಂದರಲ್ಲಿ ಸುಮಾರು ಶೇ. 45ರಷ್ಟು ಪ್ರಕರಣಗಳಿಗೆ ಸರಿಯಾಗಿ ಕಾಯದಿರುವುದೇ ಕಾರಣವಾಗಿತ್ತು. ಸ್ಲೀಪನ್ನು ಎರಡರಿಂದ ಹತ್ತಕ್ಕೆ ಏರಿಸುವುದು ನನಗೆ ಒಪ್ಪಿಗೆಯಿಲ್ಲ. ಬೇಕಾದ ಸ್ಥಿತಿ ಬಂತೇ ಎಂದು ಮತ್ತೆ ಮತ್ತೆ ನೋಡುವಂತೆ ಬರೆಯಿರಿ, ಅದಕ್ಕೊಂದು ಗಡುವಿಡಿ.

• ಟೆಸ್ಟ್‌ಗಳು ಯಾವ ಕ್ರಮದಲ್ಲಿ ಓಡಿದವೆಂದು ಲಾಗ್‌ನಿಂದ ತೆಗೆದು, ಅದೇ ಕ್ರಮದಲ್ಲಿ ನಿಮ್ಮಲ್ಲಿ ಓಡಿಸಿ. ಮುಂಚಿನ ಟೆಸ್ಟ್ ಡೇಟಾಬೇಸ್‌ನಲ್ಲಿ ಬಿಟ್ಟುಹೋದ ಸಾಲೊಂದು ಮುಂದಿನದನ್ನು ಕೆಡವುತ್ತದೆ.

• ಟೆಸ್ಟ್‌ನ ಡೇಟಾದಲ್ಲಿ ಕನ್ನಡದ ಹೆಸರುಗಳನ್ನು ಹಾಕಿ. ಇದು ನನ್ನ ಹಟ. 2022ರಲ್ಲಿ ಜಾವಾ 18 ಬರುವವರೆಗೆ ಜಾವಾ ಆಯಾ ಯಂತ್ರದ ಅಕ್ಷರ ಸಂಕೇತವನ್ನೇ ಹಿಡಿಯುತ್ತಿತ್ತು. ಹಳೆಯ ಆವೃತ್ತಿಯಲ್ಲೇ ಇರುವ ತಂಡಗಳು ಈಗಲೂ ಇವೆ. ಲೊಕೇಲ್ ಹೊಂದಿಸದ ಸರ್ವರ್‌ನಲ್ಲಿ 'ಕಮಲಮ್ಮ' ಬರೀ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತಾಳೆ. ಅದು ಬಳಕೆದಾರರ ಕಣ್ಣಿಗೆ ಬೀಳುವ ಮುನ್ನ ನಮಗೆ ಗೊತ್ತಾಗಲಿ.

• ಬಿಲ್ಡ್ ಶುರುವಾಗುವಾಗಲೇ ಭಾಷೆಯ ಆವೃತ್ತಿ, ಟೈಮ್‌ಜೋನ್, ಲೊಕೇಲ್, ಸಿಪಿಯು ಸಂಖ್ಯೆ, ಮೆಮೊರಿ, ಲೈಬ್ರರಿಗಳ ಆವೃತ್ತಿ ಇವಿಷ್ಟನ್ನು ಲಾಗ್‌ಗೆ ಬರೆಸಿ. ನಿಮ್ಮ ಯಂತ್ರದ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ಸರ್ವರ್ ಬಳಸುವ ಡಾಕರ್ ಇಮೇಜನ್ನೇ ಇಳಿಸಿಕೊಂಡು ಓಡಿಸಿದರೆ ಅರ್ಧ ಕೆಲಸ ಮುಗಿದಂತೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಅವಸರದಲ್ಲಿ ಮೂರು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

• ಒಂದೆರಡು ದಿನದಲ್ಲಿ ಸಿಗದಿದ್ದರೆ ಟೆಸ್ಟನ್ನು ಬೇರೆ ಪಟ್ಟಿಗೆ ಸರಿಸಿ. ಯಾರ ಹೊಣೆ, ಯಾವ ತಾರೀಖಿನೊಳಗೆ ಎಂದು ಅಲ್ಲೇ ಬರೆಯಿರಿ. ಅಳಿಸಬೇಡಿ.

• ಕಾರಣ ಸಿಕ್ಕಾಗ ಕಮಿಟ್ ಸಂದೇಶದಲ್ಲಿ 'ಟೆಸ್ಟ್ ಸರಿಮಾಡಿದೆ' ಎಂದಷ್ಟೇ ಬರೆದು ಎದ್ದುಹೋಗಬೇಡಿ. ಎರಡು ಯಂತ್ರಗಳ ನಡುವೆ ಏನು ಬೇರೆಯಿತ್ತು, ಅದು ಹೇಗೆ ಕಂಡಿತು ಎಂದು ಎರಡು ಸಾಲು ಸೇರಿಸಿ. ಮುಂದಿನ ವರ್ಷ ಅದೇ ಕೆಂಪನ್ನು ನೋಡುತ್ತಾ ಕೂರುವವರು ಇನ್ನೂ ನಿಮ್ಮ ತಂಡಕ್ಕೆ ಸೇರಿಲ್ಲ. ಅವರಿಗಾಗಿ ಬರೆಯಿರಿ.