ಟ್ಯಾಬ್ಲೆಟ್ಟಿನಲ್ಲಿ ಛಾಯಾಚಿತ್ರಗಳು: ತಿದ್ದುವದು, ಹಂಚುವದು, ಸಾಗಿಸುವದು



ಈ ಸ್ಮರಣ ಸಂಚಿಕೆಗೋಸ್ಕರ ಹಳೆಯ ವಿದ್ಯಾರ್ಥಿನಿಯರಿಂದ ಛಾಯಾಚಿತ್ರಗಳನ್ನು ಕೂಡಿಸುವ ಕಾರ್ಯವು ನಮ್ಮ ಪಾಲಿಗೆ ಬಂದಾಗ ಅದು ಸುಲಭವೆಂದೇ ಎಣಿಸಿದ್ದೆವು. ಈಗ ಅನೇಕರ ಕೈಯಲ್ಲಿ ಮೊಬೈಲೂ ಟ್ಯಾಬ್ಲೆಟ್ಟೂ ಇರುವದರಿಂದ ಚಿತ್ರಗಳು ಬರುವದಕ್ಕೆ ತಡವೇನೂ ಆಗಲಿಲ್ಲ. ಆದರೆ ಬಂದವುಗಳನ್ನು ಅಚ್ಚಿನವರ ಮುಂದಿಟ್ಟಾಗ ಅವರು ಅರ್ಧಕ್ಕಿಂತ ಹೆಚ್ಚನ್ನು ಹಿಂದಿರುಗಿಸಿದರು. ತೆಗೆದವರು ಚೆನ್ನಾಗಿಯೇ ತೆಗೆದಿದ್ದರು. ಕಳುಹಿಸುವ ದಾರಿಯಲ್ಲಿ ಚಿತ್ರಗಳು ಕೆಟ್ಟಿದ್ದವು. ಆ ಅನುಭವದಿಂದ ನಾವು ಕಲಿತದ್ದನ್ನೂ, ಕಲಿಯುವದಕ್ಕೆ ಮುಂಚೆ ಮಾಡಿದ ಒಂದು ದೊಡ್ಡ ತಪ್ಪನ್ನೂ ನಿಮಗೆ ತಿಳಿಸಬೇಕೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಟ್ಯಾಬ್ಲೆಟ್ಟಿನಲ್ಲಿರುವ ಚಿತ್ರವು ಏನೆಂಬದನ್ನು ಮೊದಲು ತಿಳಿಯತಕ್ಕದ್ದು. ಅದು ಕಾಗದವಲ್ಲ, ಬಣ್ಣವಲ್ಲ. ಅಂಕೆಗಳ ಒಂದು ಪಟ್ಟಿ. ಚಿತ್ರವನ್ನು ಅತಿ ಸಣ್ಣ ಚೌಕಗಳಾಗಿ ವಿಭಾಗಿಸಿ ಒಂದೊಂದು ಚೌಕದ ಬಣ್ಣವನ್ನು ಅಂಕೆಗಳಿಂದ ಬರೆದಿಡುವದುಂಟು. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. 1957ರಲ್ಲಿ ಅಮೇರಿಕ ದೇಶದ ರಸೆಲ್ ಕರ್ಶ್ ಎಂಬವರು ತಮ್ಮ ಮೂರು ತಿಂಗಳ ಮಗನ ಛಾಯಾಚಿತ್ರವನ್ನು ಈ ರೀತಿಯಾಗಿ ಗಣಕಯಂತ್ರದೊಳಗೆ ಸೇರಿಸಿದಾಗ ಅದರಲ್ಲಿ ಅಡ್ಡಕ್ಕೆ 176, ಉದ್ದಕ್ಕೆ 176 ಚೌಕಗಳು ಮಾತ್ರ ಇದ್ದವು. ಈಗ 12 ಮೆಗಾಪಿಕ್ಸೆಲ್ ಕ್ಯಾಮರಾ ಇರುವ ಐಪ್ಯಾಡು ತೆಗೆಯುವ ಚಿತ್ರದಲ್ಲಿ ಒಂದು ಬದಿಗೆ 4032, ಇನ್ನೊಂದು ಬದಿಗೆ 3024, ಅಂದರೆ ಒಟ್ಟಿಗೆ 1 ಕೋಟಿ 21 ಲಕ್ಷಕ್ಕೆ ಮೇಲ್ಪಟ್ಟ ಚೌಕಗಳು ಇರುತ್ತವೆ.

ಇಷ್ಟನ್ನೂ ಬಿಡಿಸಿ ಬರೆದಿಟ್ಟರೆ ಒಂದು ಚಿತ್ರಕ್ಕೆ ಸುಮಾರು 36 ಎಂ.ಬಿ. ಸ್ಥಳವು ಬೇಕಾಗುವದು. ಆದುದರಿಂದ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ಉಪಾಯಗಳನ್ನು ಕಂಡುಹಿಡಿದರು. ಅವುಗಳಲ್ಲಿ ಬಹು ಬಳಕೆಯದು 1992ರಲ್ಲಿ ನಿಗದಿಯಾದ ಜೆಪೆಗ್ ಪದ್ಧತಿ. ಇದರ ಬೇರು ನಮ್ಮ ನಾಡಿಗೆ ಸಂಬಂಧಪಟ್ಟದ್ದೆಂಬದು ನಿಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾಗಬಹುದು. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿ, ಈಗ ವಿಶ್ವೇಶ್ವರಯ್ಯನವರ ಹೆಸರಿನಿಂದ ಕರೆಯಲ್ಪಡುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಎಂಬವರು ಇದಕ್ಕೆ ಆಧಾರವಾದ ಗಣಿತದ ವಿಧಾನವನ್ನು ಯೋಚಿಸಿದರು. 1972ರಲ್ಲಿ ಅವರು ಇದರ ಅಭ್ಯಾಸಕ್ಕಾಗಿ ಅಮೇರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣವನ್ನು ಬೇಡಿದಾಗ ಅದು ಸಿಕ್ಕಲಿಲ್ಲ. ಆದರೂ ಬಿಡದೆ, ನಟರಾಜನ್ ಮತ್ತು ಕೆ. ಆರ್. ರಾವ್ ಎಂಬವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. ಚಿತ್ರವನ್ನು ಎಂಟೆಂಟು ಚೌಕಗಳ ತುಂಡುಗಳಾಗಿ ಮಾಡಿ, ಒಂದೊಂದು ತುಂಡನ್ನು ಅಲೆಗಳ ಲೆಕ್ಕಕ್ಕೆ ತಿರುಗಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ಅಲೆಗಳನ್ನು ಬಿಟ್ಟುಬಿಡುವದೇ ಈ ಪದ್ಧತಿಯ ಸಾರ. ಬಿಟ್ಟದ್ದು ತಿರಿಗಿ ಬಾರದು. ಒಂದೇ ಚಿತ್ರವನ್ನು ಮತ್ತೆ ಮತ್ತೆ ಹಿಂಡಿದರೆ ಪ್ರತಿ ಸಾರಿಯೂ ಸ್ವಲ್ಪ ಸ್ವಲ್ಪ ನಷ್ಟವಾಗುವದು.

ನಮ್ಮ ಚಿತ್ರಗಳು ಕೆಟ್ಟದ್ದು ಇಲ್ಲಿಯೇ. ವಾಟ್ಸಾಪಿನಲ್ಲಿ ಚಿತ್ರವನ್ನು ಸಾಧಾರಣ ರೀತಿಯಲ್ಲಿ ಕಳುಹಿಸಿದರೆ ಅದರ ಉದ್ದದ ಬದಿಯು ಸುಮಾರು 1600 ಚೌಕಗಳಿಗೆ ಇಳಿಯುವದು. ಒಬ್ಬರ ಮುಖಚಿತ್ರಕ್ಕೆ ಇದು ಸಾಕು. ಆದರೆ ಸಾಲಿಗೆ ಹದಿನೈದು ಮಂದಿಯಂತೆ ಅರುವತ್ತು ಹುಡುಗಿಯರು ನಿಂತಿರುವ ತರಗತಿಯ ಚಿತ್ರದಲ್ಲಿ ಒಬ್ಬೊಬ್ಬಳ ಪಾಲಿಗೆ ನೂರಕ್ಕಿಂತ ಸ್ವಲ್ಪವೇ ಹೆಚ್ಚು ಚೌಕಗಳಷ್ಟು ಅಗಲವು ಸಿಕ್ಕುವದು, ಮುಖಕ್ಕೆ ಅದರ ಅರ್ಧವೂ ಉಳಿಯಲಾರದು. ಮೂಲಚಿತ್ರದಲ್ಲಾದರೋ 260ಕ್ಕಿಂತ ಹೆಚ್ಚು ಸಿಕ್ಕುತ್ತಿತ್ತು. ಅಚ್ಚಿನವರು ಒಂದು ಅಂಗುಲಕ್ಕೆ 300 ಚೌಕಗಳನ್ನು ಕೇಳುತ್ತಾರೆಂಬದನ್ನು ನೆನಪಿನಲ್ಲಿಟ್ಟರೆ ಲೆಕ್ಕವು ತಾನಾಗಿ ತಿಳಿಯುವದು. 2023ರಿಂದ ಎಚ್.ಡಿ. ಎಂಬ ಗುಂಡಿಯೊಂದು ಬಂದಿದೆ. ಅದು ಮೇಲು, ಆದರೆ ಅದೂ ಹಿಂಡುತ್ತದೆ. ಚಿತ್ರವನ್ನು 'ಡಾಕ್ಯುಮೆಂಟ್' ಆಗಿ ಲಗತ್ತಿಸಿ ಕಳುಹಿಸಿದರೆ ಮೂಲವು ಇದ್ದ ಹಾಗೆಯೇ ಹೋಗುವದು. ಇಮೈಲು ಕೂಡ ಆಗಬಹುದು. ಆದರೆ ಟ್ಯಾಬ್ಲೆಟ್ಟು 'ಯಾವ ಗಾತ್ರ' ಎಂದು ಕೇಳಿದಾಗ 'ಆ್ಯಕ್ಚುಯಲ್ ಸೈಜ್' ಎಂಬದನ್ನೇ ಆರಿಸತಕ್ಕದ್ದು.

ಇನ್ನು ತಿದ್ದುವ ವಿಷಯ. ಇಲ್ಲಿ ನಮ್ಮ ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಕೂಟದ ಆಮಂತ್ರಣಪತ್ರಕ್ಕಾಗಿ ಹಳೆಯ ವಿದ್ಯಾರ್ಥಿನಿಯೊಬ್ಬರು ಉಪಾಧ್ಯಾಯಿನಿಯರ ಹಳೆಯ ಗುಂಪುಚಿತ್ರವನ್ನು ಎರವಲಾಗಿ ಕೊಟ್ಟರು. ನಾವು ಅದನ್ನು ಚೌಕಟ್ಟಿನಿಂದ ಹೊರಗೆ ತೆಗೆದು (ಗಾಜಿದ್ದರೆ ಬೆಳಕು ಹೊಳೆದು ಕೆಡುತ್ತದೆ), ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿಯಲ್ಲಿಟ್ಟು, ಫ್ಲಾಶ್ ಹಾಕದೆ, ಟ್ಯಾಬ್ಲೆಟ್ಟನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ಪ್ರತಿಯನ್ನು ತೆಗೆದೆವು. ಅಷ್ಟರ ಮಟ್ಟಿಗೆ ಎಲ್ಲವೂ ಸರಿಯೇ. ಬಳಿಕ ಪತ್ರದ ಅಳತೆಗೆ ಸರಿಹೊಂದಿಸುವದಕ್ಕಾಗಿ 'ಕ್ರಾಪ್' ಮಾಡಿ ಎಡದ ಅಂಚನ್ನು ಕತ್ತರಿಸಿ, ಎಲ್ಲರಿಗೂ ಕಳುಹಿಸಿ, ಮೂಲಪಟವನ್ನು ಹಿಂದಕ್ಕೆ ಕೊಟ್ಟೆವು.

ಕೂಟದ ದಿನ ಒಬ್ಬ ಹೆಂಗಸು ಆಮಂತ್ರಣಪತ್ರವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದರು. "ಟೀಚರ್, ಈ ಪಟದಲ್ಲಿ ನಮ್ಮ ಅಜ್ಜಿಯೂ ಇದ್ದರಂತೆ. ಬಾಗಿಲ ಹತ್ತಿರ ನಿಂತಿದ್ದರಂತೆ. ಇದರಲ್ಲಿ ಕಾಣುವದಿಲ್ಲವಲ್ಲ?" ಎಂದು ಕೇಳಿದರು. ಅವರ ಅಜ್ಜಿಯು ಶಾಲೆಯ ಆಯಾ ಆಗಿದ್ದರು. ನಾವು ಕತ್ತರಿಸಿದ ಅಂಚಿನಲ್ಲಿ ಇದ್ದವರು ಅವರೇ. ಮನೆಯಲ್ಲಿ ಅವರ ಬೇರೊಂದು ಚಿತ್ರವೂ ಇರಲಿಲ್ಲ. ಮೂಲಪಟವನ್ನು ವಿಚಾರಿಸಿದರೆ ಅಷ್ಟರೊಳಗೆ ಅದಕ್ಕೆ ಗೆದ್ದಲು ಹತ್ತಿತ್ತು. ಕಳುಹಿಸಿದ ಪ್ರತಿಗಳೆಲ್ಲವೂ ಕತ್ತರಿಸಿದವುಗಳೇ. ನಾಚಿಕೆಯಿಂದ ನಮಗೆ ಮಾತೇ ಹೊರಡಲಿಲ್ಲ.

ಕಡೆಗೆ ಒಬ್ಬ ವಿದ್ಯಾರ್ಥಿನಿಯು, "ತೆಗೆದ ಐಪ್ಯಾಡಿನಲ್ಲಿಯೇ ನೋಡೋಣ" ಎಂದಳು. ಅದರಲ್ಲಿ ಆ ಚಿತ್ರವನ್ನು ತೆರೆದು, 'ಎಡಿಟ್' ಒತ್ತಿ, ಬಳಿಕ 'ರಿವರ್ಟ್' ಎಂಬದನ್ನು ಒತ್ತಿದ ಕೂಡಲೇ ಎಡದ ಅಂಚು ಹಿಂದಿರುಗಿತು. ಬಾಗಿಲ ಬಳಿಯಲ್ಲಿ, ಕೈಯಲ್ಲಿ ಕೊಡೆಯನ್ನು ಹಿಡಿದುಕೊಂಡು, ಆಯಾ ನಿಂತಿದ್ದರು. ಆ ಯಂತ್ರದ ಫೋಟೋಸ್ ಎಂಬ ಆ್ಯಪು ತಿದ್ದುಪಡಿಯನ್ನು ಬೇರೆಯಾಗಿ ಬರೆದುಕೊಂಡು ಮೂಲವನ್ನು ಒಳಗೆ ಕಾದಿಡುತ್ತದೆ. ಆದರೆ ಹೊರಗೆ ಕಳುಹಿಸಿದಾಗ ತಿದ್ದಿದ ರೂಪವು ಮಾತ್ರ ಹೋಗುವದು. ಏರ್‌ಡ್ರಾಪಿನಲ್ಲಿ 'ಆಪ್ಷನ್ಸ್' ತೆರೆದು 'ಆಲ್ ಫೋಟೋಸ್ ಡೇಟಾ' ಎಂಬದನ್ನು ಆರಿಸಿದರೆ ಮೂಲವೂ ಜೊತೆಯಲ್ಲಿ ಹೋಗುತ್ತದೆ. ಎಲ್ಲಾ ಆ್ಯಪುಗಳೂ ಇಷ್ಟು ದಯೆ ತೋರಿಸುವದಿಲ್ಲ; ಕೆಲವು ಮೂಲದ ಮೇಲೆಯೇ ಬರೆದುಬಿಡುತ್ತವೆ. ಆದಕಾರಣ ಮೊದಲು 'ಡುಪ್ಲಿಕೇಟ್' ಮಾಡಿ, ಆ ನಕಲನ್ನೇ ತಿದ್ದುವದು ಒಳ್ಳೇದು.

ಓರೆಯನ್ನು ನೆಟ್ಟಗೆ ಮಾಡುವದು, ಕತ್ತಲೆಯಾದದ್ದಕ್ಕೆ ಬೆಳಕು ಕೊಡುವದು, ಹಳದಿಯಾದದ್ದನ್ನು ಸರಿಪಡಿಸುವದು: ಇವು ಯೋಗ್ಯವಾದ ತಿದ್ದುಪಡಿಗಳು. ಮುಖವನ್ನು ಬೆಳ್ಳಗೆ ಮಾಡುವ ಫಿಲ್ಟರುಗಳನ್ನು ಮಾತ್ರ ನಾವು ಒಪ್ಪಲಾರೆವು. ಈ ಸಂಚಿಕೆಗೆ ಬಂದ ಒಂದು ಚಿತ್ರದಲ್ಲಿ ಮೂವರು ಅಕ್ಕತಂಗಿಯರು ಒಂದೇ ಸುಣ್ಣದ ಬಣ್ಣಕ್ಕೆ ತಿರುಗಿದ್ದರು, ಮೂಲವನ್ನು ತರಿಸಿಕೊಂಡೆವು.

ಸಾಗಿಸುವದರಲ್ಲಿ ಕಷ್ಟವೇನಿಲ್ಲ. ಆ್ಯಪಲ್ ಯಂತ್ರಗಳ ನಡುವೆ ಏರ್‌ಡ್ರಾಪ್, ಆಂಡ್ರಾಯ್ಡ್ ಯಂತ್ರಗಳ ನಡುವೆ ಕ್ವಿಕ್ ಶೇರ್. ನೂರಾರು ಚಿತ್ರಗಳಿದ್ದರೆ ಯು.ಎಸ್.ಬಿ. ತಂತಿಯೇ ನಂಬಿಕೆಯದು. ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನಲ್ಲಿ ತಂತಿ ಹಾಕಿದ ಬಳಿಕ 'ಫೈಲ್ ಟ್ರಾನ್ಸ್‌ಫರ್' ಎಂಬದನ್ನು ಆರಿಸದಿದ್ದರೆ ಗಣಕಯಂತ್ರಕ್ಕೆ ಏನೂ ಕಾಣದು. ಐಪ್ಯಾಡಿನ ಹೈಕ್ ಎಂಬ ಮಾದರಿಯು ಅಚ್ಚಿನವರಲ್ಲಿ ತೆರೆಯದಿದ್ದರೆ ಕ್ಯಾಮರಾದ 'ಫಾರ್ಮ್ಯಾಟ್ಸ್' ಎಂಬಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಎಂದು ಬದಲಾಯಿಸತಕ್ಕದ್ದು; ಮುಂದೆ ತೆಗೆಯುವವು ಜೆಪೆಗ್ ಆಗುವವು. ಐಕ್ಲೌಡಿನಲ್ಲಿ 5 ಜಿ.ಬಿ., ಗೂಗಲಿನಲ್ಲಿ 15 ಜಿ.ಬಿ. ಉಚಿತವಾಗಿ ದೊರೆಯುತ್ತದೆಂದು ಅಲ್ಲಿಯೇ ಎಲ್ಲವನ್ನೂ ಬಿಟ್ಟು ನಿಶ್ಚಿಂತರಾಗಬೇಡಿರಿ. ಐಕ್ಲೌಡಿಗೆ ಜೋಡಿಸಿದ ಐಪ್ಯಾಡಿನಲ್ಲಿ ಚಿತ್ರವನ್ನು ಅಳಿಸಿದರೆ ಅಲ್ಲಿಯೂ ಅಳಿಯುವದು. 30 ದಿವಸಗಳ ತನಕ 'ರೀಸೆಂಟ್ಲಿ ಡಿಲೀಟೆಡ್' ಎಂಬಲ್ಲಿದ್ದು ಆ ಮೇಲೆ ಇಲ್ಲವಾಗುವದು. ಬೇರೊಂದು ಪ್ರತಿಯು ಪೆನ್‌ಡ್ರೈವಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ ಇರಲಿ.

ಹುಡುಗಿಯರಾದ ನಿಮಗೆ ಮತ್ತೊಂದನ್ನು ಒತ್ತಿ ಹೇಳುತ್ತೇವೆ. ಲೊಕೇಶನ್ ಅನುಮತಿಯಿದ್ದರೆ ಟ್ಯಾಬ್ಲೆಟ್ಟು ಚಿತ್ರದೊಳಗೆ ಅದನ್ನು ತೆಗೆದ ಸ್ಥಳವನ್ನು ಗುಪ್ತವಾಗಿ ಬರೆದಿಡುತ್ತದೆ. ಮೂಲಚಿತ್ರವನ್ನು ಇದ್ದ ಹಾಗೆಯೇ ಕಳುಹಿಸಿದಾಗ ನಿಮ್ಮ ಮನೆಯೋ ವಿದ್ಯಾರ್ಥಿನಿಲಯವೋ ಎಲ್ಲಿದೆ ಎಂಬದೂ ಅದರೊಡನೆ ಹೋಗಬಹುದು. ಅಪರಿಚಿತರಿಗೆ ತಲಪಬಹುದಾದ ಚಿತ್ರವಾದರೆ ಐಪ್ಯಾಡಿನಲ್ಲಿ 'ಶೇರ್' ಒತ್ತಿದ ಮೇಲೆ 'ಆಪ್ಷನ್ಸ್' ಎಂಬಲ್ಲಿ 'ಲೊಕೇಶನ್' ಎಂಬದನ್ನು ನಂದಿಸಿಬಿಡಿರಿ. ಗೆಳತಿಯ ಚಿತ್ರವನ್ನು ಕಳುಹಿಸುವ ಮೊದಲು ಅವಳನ್ನು ಕೇಳತಕ್ಕದ್ದೆಂಬದನ್ನು ಬೇರೆಯಾಗಿ ಹೇಳಬೇಕೇ?

ಆ ಗುಂಪುಚಿತ್ರದ ಅಡಿಯಲ್ಲಿ ಉಪಾಧ್ಯಾಯಿನಿಯರೆಲ್ಲರ ಹೆಸರುಗಳು ಅಚ್ಚಾಗಿದ್ದವು. ಆಯಾ ಅವರದು ಇರಲಿಲ್ಲ. ಮೊಮ್ಮಗಳನ್ನು ಕೇಳಿ, ಐಪ್ಯಾಡಿನಲ್ಲಿ ಚಿತ್ರದ 'ಕ್ಯಾಪ್ಷನ್' ಎಂಬ ಸ್ಥಳದಲ್ಲಿ ಅವರ ಹೆಸರನ್ನು ಬರೆದಿಟ್ಟಿದ್ದೇವೆ. ಮೊಮ್ಮಗಳಿಗೆ ದೊಡ್ಡದೊಂದು ಪ್ರತಿಯನ್ನು ಅಚ್ಚು ಹಾಕಿಸಿ ಕೊಟ್ಟೆವು. ಇದೇ ಸಂಚಿಕೆಯಲ್ಲಿ ಆ ಚಿತ್ರವನ್ನು ನೀವು ನೋಡುವಿರಿ. ಈ ಸಾರಿ ಎಡದ ಅಂಚು ಪೂರ್ಣವಾಗಿದೆ.