ನೂಲಿನಲ್ಲಿ ಅಳೆದು ಪೈಪ್ ಹಾಕಿಸು

ತಮ್ಮಾ, ಪಿಕಪ್‌ಗೆ ಮೂರು ಇಂಚಿನ ಸೈಲೆನ್ಸರ್ ಪೈಪ್ ಹಾಕಿಸಬೇಕು ಅಂತ ವೆಲ್ಡಿಂಗ್ ಅಂಗಡಿಯಲ್ಲಿ ಮಾತಾಡಿ ಬಂದಿದ್ದೀಯಂತೆ. ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಹಾಗಾದರೆ ಒಂದು ಗಳಿಗೆ ಕೂತು ಕೇಳು. ಮಂಗಳೂರಿನಿಂದ ಮೀನು ತುಂಬಿಕೊಂಡು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಗಾಡಿ ಎಳೆಯುವುದಿಲ್ಲ, ಹಿಂದೆ ಕರಿಹೊಗೆ ಕಾರುತ್ತದೆ, ಹಾಸನಕ್ಕೆ ತಡವಾಗಿ ಮುಟ್ಟಿ ವ್ಯಾಪಾರಿಗಳ ಬಾಯಿಗೆ ಸಿಕ್ಕಿಕೊಳ್ಳುತ್ತೀಯ. ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಅದಕ್ಕೆ ಮದ್ದು ದಪ್ಪ ಪೈಪು ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ಮೊಬೈಲಿನಲ್ಲಿ ನೀನು ನೋಡುವ ನಾಲ್ಕು ಇಂಚು, ಐದು ಇಂಚಿನ ಪೈಪುಗಳೆಲ್ಲ ಅಮೆರಿಕದ ಪಿಕಪ್‌ಗಳವು. ಡಾಡ್ಜ್ ರ‍್ಯಾಮ್‌ಗೆ 1989ರಿಂದ ಬಂದ ಕಮ್ಮಿನ್ಸ್ ಎಂಜಿನ್ 5.9 ಲೀಟರಿನದು, ಶೆವ್ರೊಲೆಯ ಡ್ಯುರಾಮ್ಯಾಕ್ಸ್ 6.6 ಲೀಟರಿನದು. ನಿನ್ನ ಬೊಲೆರೊ ಪಿಕಪ್‌ನ ಎಂಜಿನ್ 2,523 ಸಿಸಿ, ಅಂದರೆ ಎರಡೂವರೆ ಲೀಟರ್. ಅವರದು ನಿನ್ನದರ ಹೆಚ್ಚು ಕಡಿಮೆ ಎರಡೂವರೆ ಪಟ್ಟು. ಈಗ ಪೈಪಿನ ಬಾಯಿಯ ಲೆಕ್ಕ ಹಾಕು. ನಾಲ್ಕು ಇಂಚಿನ ಬಾಯಿಯ ವಿಸ್ತೀರ್ಣ ಹನ್ನೆರಡೂವರೆ ಚದರ ಇಂಚು, ಎರಡೂವರೆ ಇಂಚಿನದು ಐದಕ್ಕೆ ಸ್ವಲ್ಪ ಕಡಿಮೆ. ಅಲ್ಲೂ ಅದೇ ಎರಡೂವರೆ ಪಟ್ಟು. ಅವರ ಗಾಡಿಗೆ ನಾಲ್ಕು ಇಂಚು ಏನೋ, ನಿನ್ನ ಗಾಡಿಗೆ ಎರಡೂವರೆ ಇಂಚು ಅದೇ.

ನಿನ್ನ ಎಂಜಿನ್ ನಿಮಿಷಕ್ಕೆ 3,200 ಸುತ್ತು ತಿರುಗುವಾಗ ತಾನಾಗಿ ಎಳೆದುಕೊಳ್ಳುವ ಗಾಳಿ ಸುಮಾರು 4,000 ಲೀಟರ್. ಟರ್ಬೊ ಅದನ್ನು ಹೆಚ್ಚು ಕಡಿಮೆ ಇಮ್ಮಡಿ ಮಾಡುತ್ತದೆ. ಉರಿದು ಬಿಸಿಯಾದ ಮೇಲೆ ಅದು ಮತ್ತೆ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಸ್ಥೂಲವಾಗಿ ನಿಮಿಷಕ್ಕೆ 17,000 ಲೀಟರ್ ಬಿಸಿ ಹೊಗೆ ಸೈಲೆನ್ಸರ್ ಪೈಪಿನಲ್ಲಿ ಹಾಯಬೇಕು. ತಗಡಿನ ದಪ್ಪ ಕಳೆದು ನೋಡಿದರೆ, ಎರಡು ಇಂಚಿನ ಪೈಪಿನಲ್ಲಿ ಅದು ಸೆಕೆಂಡಿಗೆ ಸುಮಾರು 160 ಮೀಟರ್ ವೇಗದಲ್ಲಿ ನುಗ್ಗಬೇಕಾಗುತ್ತದೆ. ಎರಡೂವರೆ ಇಂಚಿನಲ್ಲಿ 100 ಮೀಟರ್ ಸಾಕು.

ವೇಗಕ್ಕಿಂತ ಮುಖ್ಯವಾದದ್ದು ತಡೆ. ಅಷ್ಟೇ ಹೊಗೆ, ಅಷ್ಟೇ ಉದ್ದದ ಪೈಪಿನಲ್ಲಿ ಹಾಯುವಾಗ ಬೀಳುವ ತಡೆ ವ್ಯಾಸದ ಐದನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಎರಡು ಇಂಚಿನ ಪೈಪಿನ ತಡೆ ನೂರು ಎಂದಿಟ್ಟುಕೊ. ಎರಡೂವರೆಗೆ ಅದು 33ಕ್ಕೆ ಬರುತ್ತದೆ, ಮೂರಕ್ಕೆ 13, ನಾಲ್ಕಕ್ಕೆ 3. ಮೊದಲ ಅರ್ಧ ಇಂಚಿನಲ್ಲಿ ಮೂರನೇ ಎರಡು ಭಾಗ ಲಾಭ ಬಂದುಬಿಟ್ಟಿತು. ಆಮೇಲೆ ಸಿಗುವುದು ಹೆಚ್ಚಿನ ಶಬ್ದ, ಹೆಚ್ಚಿನ ತೂಕ, ಚಾಸಿಸ್ ಕೆಳಗೆ ಜಾಗಕ್ಕಾಗಿ ಪರದಾಟ.

ಇದೇ ಲೆಕ್ಕವನ್ನು ತಿರುಗಿಸಿ ನೋಡು. ಎರಡೂವರೆ ಇಂಚು ಇರಬೇಕಾದ ಕಡೆ ಎರಡು ಇಂಚು ಹಾಕಿದರೆ ತಡೆ ಮೂರು ಪಟ್ಟಾಗುತ್ತದೆ. ನಮ್ಮ ಕಡೆಯ ಹಳೆ ಗಾಡಿಗಳಲ್ಲಿ ನಿಜವಾಗಿ ಆಗುತ್ತಿರುವ ಅನ್ಯಾಯ ಇದು. ಮೂಲ ಪೈಪು ತುಕ್ಕು ಹಿಡಿದು ಒಡೆಯುತ್ತದೆ, ಸಿಕ್ಕಿದ ಸಣ್ಣ ಪೈಪು ತಂದು ವೆಲ್ಡ್ ಮಾಡುತ್ತಾರೆ, ಬೆಂಡ್ ಹೊಡೆಯುವಾಗ ಒಳಮೈ ಚಪ್ಪಟೆಯಾಗುತ್ತದೆ. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆರೆಯ ತೂಬು ಕಿರಿದಾಗಿದ್ದರೆ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ಗದ್ದೆಗೆ ನೀರು ಹೆಚ್ಚುವುದಿಲ್ಲವಲ್ಲ, ಹಾಗೆಯೇ ಪೈಪಿನಲ್ಲಿ ಎಲ್ಲಿ ಅತಿ ಕಿರಿದೋ ಅಲ್ಲಿಯದೇ ಮಾತು ನಡೆಯುವುದು. ಹಿಂದಿನ ತುದಿಗೆ ಮೂರು ಇಂಚು ಸಿಕ್ಕಿಸಿ, ಮುಂದಿನ ಬೆಂಡು ಜಜ್ಜಿಹೋಗಿದ್ದರೆ ಹಣ ಮಣ್ಣುಪಾಲು.

ಅದಕ್ಕೆ ಮೊದಲು ಅಳೆ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಒಂದು ನೂಲು ತೆಗೆದುಕೊಂಡು ಪೈಪಿಗೆ ಸುತ್ತು. ನೂಲು 16 ಸೆಂಟಿಮೀಟರ್ ಬಂದರೆ ಎರಡು ಇಂಚು, 20 ಬಂದರೆ ಎರಡೂವರೆ, 24 ಬಂದರೆ ಮೂರು. ಟರ್ಬೊ ಬುಡದಿಂದ ಹಿಂದಿನ ತುದಿಯವರೆಗೆ ನಾಲ್ಕಾರು ಕಡೆ ಸುತ್ತಿ ಬರೆದಿಟ್ಟುಕೊ. ರಿಪೇರಿ ಮಾಡಿದ ಜಾಗದಲ್ಲಿ, ಕಲ್ಲು ಬಡಿದು ತಗ್ಗಾದ ಜಾಗದಲ್ಲಿ ಕೈಯಾಡಿಸಿ ನೋಡು. ಕಂಪನಿ ಕೊಟ್ಟ ಅಳತೆಗಿಂತ ಎಲ್ಲಾದರೂ ಕಡಿಮೆ ಬಂತೋ, ಆ ತುಂಡನ್ನು ಮೂಲ ಅಳತೆಗೆ ತಂದರೆ ಸಾಕು. ಸೈಲೆನ್ಸರ್ ಡಬ್ಬಿಯನ್ನು ತಟ್ಟಿ ನೋಡು. ಒಳಗಿನ ತಗಡು ಕಳಚಿ ಗಲಗಲ ಅಂದರೆ ಅದೂ ದಾರಿ ಕಟ್ಟುತ್ತದೆ.

ಟರ್ಬೊ ಡೀಸೆಲ್‌ಗೆ ಹಿಂದೊತ್ತಡ (ಬ್ಯಾಕ್ ಪ್ರೆಶರ್) ಬೇಕು, ಇಲ್ಲದಿದ್ದರೆ ಎಳೆತ ಹೋಗುತ್ತದೆ ಎಂದು ಗ್ಯಾರೇಜುಗಳಲ್ಲಿ ಹೇಳುತ್ತಾರೆ. ನಂಬಬೇಡ. ಟರ್ಬೊ ಇಲ್ಲದ ಪೆಟ್ರೋಲ್ ಬೈಕುಗಳಲ್ಲಿ ಹೊಗೆಯ ಓಟಕ್ಕೆ ಒಂದು ವೇಗ ಬೇಕಾಗುತ್ತದೆ, ಆ ಮಾತು ಇಲ್ಲಿಗೆ ತಪ್ಪಾಗಿ ಬಂದು ಸೇರಿದೆ. ಟರ್ಬೊದ ಚಕ್ರ ತಿರುಗುವುದು ಅದರ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ. ಟರ್ಬೊ ದಾಟಿದ ಹೊಗೆಗೆ ಸಲೀಸಾಗಿ ಹೊರಹೋಗಲು ದಾರಿ ಬೇಕು, ಅಷ್ಟೆ. ಹಾಗೆಂದು ದಾರಿ ದೊಡ್ಡದಾದಷ್ಟೂ ಶಕ್ತಿ ಹೆಚ್ಚುವುದಿಲ್ಲ. ಶಕ್ತಿ ಬರುವುದು ಉರಿಯುವ ಡೀಸೆಲ್‌ನಿಂದ. ಎಂಜಿನ್‌ಗೆ ಹೋಗುವ ಡೀಸೆಲ್ ಅಷ್ಟೇ ಇರುವಾಗ ಪೈಪೊಂದೇ ಎಲ್ಲಿಂದ ಕುದುರೆಬಲ ತಂದೀತು?

ಕರಿಹೊಗೆ ಎಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ ಎಂದು. ಏರ್ ಫಿಲ್ಟರ್ ತೆಗೆದು ನೋಡಿದೆಯಾ? ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್ ಸೀಳಿದ್ದರೆ ಲೋಡಿನಲ್ಲಿ ಮಾತ್ರ ಗೊತ್ತಾಗುತ್ತದೆ, ಖಾಲಿ ಗಾಡಿಯಲ್ಲಿ ಸುಳಿವೇ ಸಿಗುವುದಿಲ್ಲ. ಹೊಗೆಯ ಒಂದಿಷ್ಟನ್ನು ಎಂಜಿನ್‌ಗೆ ವಾಪಸು ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದಿದ್ದರೂ ಇದೇ ಕಥೆ. ಇಂಜೆಕ್ಟರ್ ನೋಡಿಸು. ಘಾಟಿಯಲ್ಲಿ ಎಂಜಿನ್ ಕೂಗುತ್ತಾ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಇವೆಲ್ಲ ಸರಿ ಇದ್ದೂ ಅನುಮಾನ ಉಳಿದರೆ, ಸೈಲೆನ್ಸರ್ ಡಬ್ಬಿಯ ಮುಂದೆ ಒಂದು ಗೇಜ್ ಕೂರಿಸಿ ಒತ್ತಡ ನೋಡು ಎಂದು ಮೆಕ್ಯಾನಿಕ್‌ಗೆ ಹೇಳು. ಊಹೆಯ ಮೇಲೆ ಪೈಪು ಕೊಯ್ಯಿಸಬೇಡ.

ನಿನ್ನದು 2020ಕ್ಕಿಂತ ಹಿಂದಿನ ಗಾಡಿ. ನಿನ್ನ ಭಾವ ಹೊಸದು ತೆಗೆದುಕೊಂಡಿದ್ದಾನಲ್ಲ, ಅವನಿಗೂ ಒಂದು ಮಾತು ಮುಟ್ಟಿಸು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಪೈಪಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರೊಳಗೆ ಕೂತ ಮಸಿ ಉರಿದುಹೋಗಲು 600 ಡಿಗ್ರಿಯ ಆಸುಪಾಸು ಬಿಸಿ ಬೇಕು. ಎಂಜಿನ್‌ನಿಂದ ಆ ಫಿಲ್ಟರ್‌ವರೆಗಿನ ಪೈಪು ದಪ್ಪ ಮಾಡಿದರೆ, ಉದ್ದ ಮಾಡಿದರೆ ಬಿಸಿ ದಾರಿಯಲ್ಲೇ ಸೋರಿಹೋಗುತ್ತದೆ. ಫಿಲ್ಟರನ್ನೇ ಕಿತ್ತುಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಅವರ ಬಾಗಿಲಿಗೆ ಹೋಗಬೇಡಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಖಚಿತಪಡಿಸಿದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಮೀನಿನ ಕ್ರೇಟು ಇಳಿಸಲು ಗಾಡಿ ಹಿಂದೆ ನಿಂತ ಹುಡುಗರೇ.

ಕಾನೂನಿನ ಮಾತೂ ಇದೆ. ಕಂಪನಿ ಮಾಡಿದ ವಿನ್ಯಾಸವನ್ನು ಮನಬಂದಂತೆ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಅಂಥ ಒಂದೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಶಬ್ದ, ಹೊಗೆಯ ಮಿತಿ ಮೀರಿದರೆ ದಂಡ 10,000ದವರೆಗೆ. ಬಾಡಿಗೆ ಗಾಡಿ ನಿನ್ನದು, ಫಿಟ್‌ನೆಸ್ ಸರ್ಟಿಫಿಕೇಟಿಗೆ (ಎಫ್‌ಸಿ) ಹೋಗಲೇಬೇಕು. ಅಲ್ಲಿ ನಿಲ್ಲಿಸಿಬಿಟ್ಟರೆ ದುಡಿಮೆಯೂ ನಿಲ್ಲುತ್ತದೆ.

ಹೊಸ ತುಂಡು ಹಾಕಿಸುವುದೇ ಆದರೆ ನೀರಿನ ಜಿಐ ಪೈಪನ್ನು ಒಪ್ಪಬೇಡ. ಅದರ ಅಳತೆಯೇ ಬೇರೆ. ಎರಡು ಇಂಚು ಎಂದು ಮಾರುವ ಜಿಐ ಪೈಪಿನ ಹೊರವ್ಯಾಸ 60 ಮಿಲಿಮೀಟರ್, ಸೈಲೆನ್ಸರಿನ ಎರಡು ಇಂಚು 51. ಮೇಲಾಗಿ ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದು ವೆಲ್ಡಿಂಗ್ ಹುಡುಗ ಜ್ವರ ಹಿಡಿದು ಮಲಗುತ್ತಾನೆ. ಅಲ್ಯೂಮಿನಿಯಂ ಲೇಪದ ಉಕ್ಕು ಅಥವಾ ಸ್ಟೇನ್‌ಲೆಸ್ ಕೇಳು. ಕಡಲ ಗಾಳಿಗೆ, ಮೀನಿನ ಉಪ್ಪುನೀರಿಗೆ ಅದೇ ತಾಳುತ್ತದೆ. ಬೆಂಡನ್ನು ಒಳಗೆ ಅಚ್ಚು ಕೊಟ್ಟು ಬಗ್ಗಿಸಿರಬೇಕು. ಸುಕ್ಕು ಕಂಡರೆ ಬೇಡ ಅನ್ನು. ಹೊಸ ತುಂಡು ಡೀಸೆಲ್ ಹರಿಯುವ ಪೈಪಿನಿಂದ 35 ಮಿಲಿಮೀಟರ್‌ಗಿಂತ ಹತ್ತಿರಕ್ಕೆ ಬರಕೂಡದು. ತೂಗುವ ರಬ್ಬರ್‌ಗಳು, ಎಂಜಿನ್ ಅಲುಗಾಟ ತಡೆಯುವ ಬೆಲ್ಲೋಸ್ ಎರಡೂ ಮೊದಲಿದ್ದ ಕಡೆಯೇ ಇರಲಿ.

ಹಾಕಿಸಿದ ಮೇಲೆ ಒಂದು ಸಲ ಲೋಡಿನಲ್ಲಿ ಓಡಿಸಿ, ತಣಿಸಿ, ಫ್ಲೇಂಜಿನ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸು. ಜಾಯಿಂಟುಗಳ ಸುತ್ತ ಮಸಿ ಗೆರೆ ಬಿದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡು. ಕ್ಯಾಬಿನ್ ಕೆಳಗೇನಾದರೂ ಸೋರಿಕೆ ಇದ್ದರೆ ಅದನ್ನು ಮುಚ್ಚಿಸುವವರೆಗೆ ಗಾಡಿಯಲ್ಲಿ ಗಾಜು ಏರಿಸಿ ಮಲಗಬೇಡ.